ಮೂರನೆಯ ಪಾಲಿನ ಚಹಾ

ನಾನು ಮದ್ದು ಮಾರುತ್ತಿದ್ದವನು. ಈಗ ಎಂಬತ್ತು ದಾಟಿದೆ, ನನಗೇ ಮದ್ದು ಬೇಕು. ತೊಯಾಮಾದ ನಮ್ಮ ಊರಿನ ಗಂಡಸರಿಗೆ ಅದೇ ಕಸುಬು. ಬೆನ್ನ ಮೇಲೆ ಐದು ಅಂತಸ್ತಿನ ಬೆತ್ತದ ಪೆಟ್ಟಿಗೆ ಹೊತ್ತು ವರ್ಷದ ಎಂಟು ತಿಂಗಳು ದೂರದ ಸೀಮೆಗಳಲ್ಲಿ ಅಲೆಯಬೇಕು, ಮನೆಮನೆಯಲ್ಲೂ ಒಂದು ಮದ್ದಿನ ಡಬ್ಬ ಇಟ್ಟು ಬರಬೇಕು, ಮರುವರ್ಷ ಹೋಗಿ ಖಾಲಿಯಾದುದನ್ನು ತುಂಬಬೇಕು. ಹೊಟ್ಟೆನೋವಿಗೆ ಕರಡಿಯ ಪಿತ್ತ, ಜ್ವರಕ್ಕೆ ಕೆಂಪು ಪೊಟ್ಟಣ, ಸೊಂಟಕ್ಕೆ ಪಟ್ಟಿ, ಮನೆಯ ಮಕ್ಕಳಿಗೆ ಊದಿದರೆ ಉಬ್ಬುವ ಕಾಗದದ ಚೆಂಡು. ಅಪ್ಪ ಸತ್ತ ಮೇಲೆ ಅವನ ದಾರಿ ನನ್ನ ಪಾಲಿಗೆ ಬಂತು. ಇವಾಮಿಯ ಬೆಟ್ಟಗಳ ನಡುವಿನ ಹದಿನೇಳು ಹಳ್ಳಿಗಳು, ಕೊನೆಗೆ ಕೊಟಾನಿ ಎಂಬ ಸಣ್ಣ ಪೇಟೆ.

ಈ ಕಥೆ ಕೊಟಾನಿಯದು. ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ನನಗೆ ಮೂವತ್ತೊಂದು.

ಡಾಕ್ಟರ ಮನೆಗೆ ಮದ್ದು ಮಾರಲು ಹೋಗುವುದೆಂದರೆ ಮೀನಿಗೆ ಈಜು ಕಲಿಸಲು ಹೋದ ಹಾಗೆ. ಆದರೆ ಕೊಟಾನಿಯ ಕಾನ್ಬೆ ಡಾಕ್ಟರ ಹೆಂಡತಿ ಹಾತ್ಸು ಅವರು ಗಂಡನ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದ ಹಿಂದೆ ನಮ್ಮ ಡಬ್ಬವನ್ನೂ ಇಟ್ಟುಕೊಂಡಿದ್ದರು. ಅಪ್ಪನ ಕಾಲದಿಂದಲೂ ನಾವು ಆ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದಲೇ ಬರುವವರು. ಆ ನವೆಂಬರಿನ ಬೆಳಿಗ್ಗೆ ಮಾತ್ರ ಹಾತ್ಸು ಅವರು ನನ್ನ ತೋಳು ಹಿಡಿದು ನಡುಮನೆಗೇ ಎಳೆದುಕೊಂಡು ಹೋದರು.

“ಬನ್ನಿ ಮದ್ದಿನಯ್ಯ, ದೇವರು ಕಳಿಸಿದ ಹಾಗೆ ಬಂದ್ರಿ. ಸೊಂಟದ ಪಟ್ಟಿ ಇದ್ಯಾ?”

ಒಳಗೆ ಡಾಕ್ಟರು ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದರು. ಅಟ್ಟದಿಂದ ರೇಷ್ಮೆ ಮೇಲಂಗಿಯ ಪೆಟ್ಟಿಗೆ ಇಳಿಸಲು ಹೋಗಿ ಸೊಂಟ ಹಿಡಿದುಕೊಂಡಿತ್ತಂತೆ. ನನ್ನನ್ನು ಕಂಡದ್ದೇ ಅವರು ಮುಖ ಸಿಂಡರಿಸಿದರು.

“ನೋಡಯ್ಯ ತೊಮೆಜಿ, ಡಾಕ್ಟರಿಗೆ ಅವನ ಔಷಧಿಯೇ ಹತ್ತಲಿಲ್ಲ ಅಂತ ಎಲ್ಲಾದ್ರೂ ಬಾಯಿ ಬಿಟ್ಯೋ, ನಿನ್ನ ಕರಡಿ ಪಿತ್ತ ಬರೀ ಹಂದಿ ಪಿತ್ತ ಅಂತ ನಾನು ಊರಿಗೆಲ್ಲ ಸಾರ್ತೀನಿ.”

“ಅಯ್ಯೋ, ನಾನ್ಯಾಕೆ ಹೇಳ್ಲಿ ಸ್ವಾಮಿ,” ಎಂದು ಪಟ್ಟಿ ಬಿಚ್ಚಿದೆ. ಹಚ್ಚುವಾಗ ಅವರು ಎರಡು ಸಲ ಕೂಗಿದರು. ಆಮೇಲೆ ಸ್ವಲ್ಪ ಹೊತ್ತು ಚಾವಣಿ ನೋಡುತ್ತಾ ಮಲಗಿದ್ದು, “ನಿನ್ನ ಕಾಲ್ಚೀಲ ಶುಭ್ರವಾಗಿದ್ಯಾ?” ಎಂದರು.

ಪ್ರಶ್ನೆ ಅರ್ಥವಾಗಲಿಲ್ಲ. ಹೊಸದೊಂದು ಜೊತೆ ಪೆಟ್ಟಿಗೆಯಲ್ಲಿದೆ ಎಂದೆ.

“ಹಾಗಿದ್ರೆ ಇವತ್ತು ಮಧ್ಯಾಹ್ನ ರಿಯೊ ಅಮ್ಮನ ಮನೆಗೆ ನನ್ನ ಬದಲು ನೀನು ಚಹಾಕ್ಕೆ ಹೋಗು. ಮುಖ್ಯ ಅತಿಥಿಯಾಗಿ.”

ನಾನು ನಕ್ಕೆ. ಅವರು ನಗಲಿಲ್ಲ.

ನಮ್ಮ ಮನೆಯಲ್ಲಿ ಚಹಾ ಎಂದರೆ ಹುರಿದ ಎಲೆ ಕುದಿಸಿದ ಕಂದು ನೀರು. ತಣ್ಣನೆಯ ಅನ್ನದ ಮೇಲೆ ಸುರಿದುಕೊಂಡು ಉಪ್ಪಿನಕಾಯಿ ಕಡಿದು ನುಂಗಿದರೆ ಊಟ ಮುಗಿಯಿತು. ಹಸಿರು ಪುಡಿಯನ್ನು ಬಿದಿರಿನ ಕಡಗೋಲಿನಲ್ಲಿ ಕಡೆದು, ಬಗ್ಗಿ ಬಗ್ಗಿ ನಮಸ್ಕರಿಸಿ ಕುಡಿಯುವ ಚಹಾವನ್ನು ನಾನು ದೂರದಿಂದಲೂ ಕಂಡವನಲ್ಲ. ಕಜಿತಾನಿ ರಿಯೊ ಅವರನ್ನು ಬಲ್ಲೆ. ಎಪ್ಪತ್ತು ದಾಟಿದ ವಿಧವೆ, ಕಡ್ಡಿಯಂಥ ಮೈ, ಕತ್ತರಿಯಂಥ ನಾಲಗೆ, ಊರ ಹೆಣ್ಣುಮಕ್ಕಳಿಗೆ ಚಹಾದ ವಿದ್ಯೆ ಕಲಿಸುವವರು. ಅವರ ಮನೆಯಲ್ಲಿ ನಾನು ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ.

“ಸ್ವಾಮಿ, ನನಗೆ ಮಂಡಿಯೂರಿ ಕೂರೋದು ಬಿಟ್ರೆ ಬೇರೇನೂ ಬರಲ್ಲ.”

“ಅದೂ ಎಷ್ಟು ಹೊತ್ತು ಬರುತ್ತೋ ನೋಡೋಣ,” ಎಂದು ಡಾಕ್ಟರು ವಿಷಯ ಹೇಳಿದರು.

ರಿಯೊ ಅವರ ತೋಟದ ಚಹಾ ಕೋಣೆ ಇನ್ನೊಂದು ವಾರ ಮಾತ್ರ ಇರುತ್ತಿತ್ತು. ಹೊಸ ರಸ್ತೆ ಆ ತೋಟದ ನಡುವೆಯೇ ಹಾದು ಹೋಗಬೇಕಾಗಿತ್ತು. ಹಿರೋಶಿಮಾದ ಕಡೆಯ ಯಾರೋ ಒಬ್ಬರು ಕೋಣೆಯನ್ನು ಕೊಂಡಿದ್ದರು. ಬಡಗಿಗಳು ಬಂದು ಕಂಬ ಕಂಬ ಬಿಚ್ಚಿ ಒಯ್ಯುತ್ತಾರೆ. ಅದಕ್ಕೆ ಮುಂಚೆ ಚಳಿಗಾಲದ ಒಲೆ ತೆರೆಯುವ ದಿನ ಅಲ್ಲಿ ಕೊನೆಯದೊಂದು ಚಹಾ. ಜೊತೆಗೆ ಯಾರನ್ನು ಕರೆತರುವುದೆಂದು ಆರಿಸುವ ಹಕ್ಕು ಮುಖ್ಯ ಅತಿಥಿಯದು. ‘ಮೂವರು ಬರುತ್ತೇವೆ’ ಎಂದಷ್ಟೇ ಡಾಕ್ಟರು ಬರೆದು ಕಳಿಸಿದ್ದರು. ತಾವು, ಹೆಂಡತಿ, ಮತ್ತು ಸೋಯಾ ರಸದ ಅಂಗಡಿಯ ನುಯಿ.

“ನುಯಿ ಅಮ್ಮನಾ?” ಎಂದೆ. ರಿಯೊ ಮತ್ತು ನುಯಿ ಒಂದೇ ಬೀದಿಯಲ್ಲಿದ್ದೂ ಮಾತಾಡುವುದಿಲ್ಲವೆಂದು ಹೊರಗಿನವನಾದ ನನಗೂ ಗೊತ್ತಿತ್ತು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದರೆ, “ಅಲ್ಲಿಂದ ಬಂದ್ರಾ?” ಎಂದು ಕೇಳಿ ಮುಖ ತಿರುಗಿಸುತ್ತಿದ್ದರು.

“ಹದಿಮೂರು ವರ್ಷ,” ಎಂದರು ಡಾಕ್ಟರು. “ಇಬ್ಬರೂ ಹದಿನಾರರ ಹುಡುಗಿಯರಾಗಿದ್ದಾಗ ಆ ಕೋಣೇಲಿ ಒಬ್ಬ ಸನ್ಯಾಸಿನಿ ಹತ್ರ ಒಟ್ಟಿಗೆ ಚಹಾ ಕಲಿತವರು. ಆಕೆ ಸಾಯೋವಾಗ ತನ್ನ ಕಬ್ಬಿಣದ ಕೆಟಲನ್ನು ಇಬ್ಬರಿಗೂ ಸೇರಿಸಿ ಕೊಟ್ಟಳು. ಒಂದು ವರ್ಷ ಇವಳ ಮನೇಲಿ, ಒಂದು ವರ್ಷ ಅವಳ ಮನೇಲಿ. ಯುದ್ಧ ಬಂತು. ಮನೆಮನೆಯ ಕಬ್ಬಿಣ ಎಲ್ಲಾ ಕೊಡಿ ಅಂತ ಆಜ್ಞೆಯಾಯ್ತು. ನಮ್ಮ ಕೇರಿಯ ಮಹಿಳಾ ಸಂಘದ ಮುಖ್ಯಸ್ಥೆ ಯಾರು? ನುಯಿ. ರಿಯೊ ಕೆಟಲನ್ನು ತವುಡಿನ ಉಪ್ಪಿನಕಾಯಿ ಪೀಪಾಯಿಯೊಳಗೆ ಹೂತಿಟ್ಟಿದ್ದಳು. ಹುಡುಗಿಯರಾಗಿದ್ದಾಗ ಇಬ್ಬರೂ ಸಿಹಿ ಬಚ್ಚಿಡ್ತಿದ್ದ ಜಾಗ ಅದು. ಅಧಿಕಾರಿಯ ಮುಂದೆ ನುಯಿ ನೆಟ್ಟಗೆ ಪೀಪಾಯಿ ಹತ್ರ ಹೋಗಿ ತೋಳಿನವರೆಗೂ ಕೈ ಹಾಕಿ ಎತ್ತಿದಳು.”

“ಅಂಥವರ ಮಧ್ಯೆ ನನ್ನನ್ನ ಕೂರಿಸ್ತೀರಾ?”

“ಮಧ್ಯೆ ಯಾರಾದ್ರೂ ಇರ್ಲೇಬೇಕು. ಚಹಾ ಕೋಣೇಲಿ ಮಾತು ನಡೆಯೋದು ಮುಖ್ಯ ಅತಿಥಿಗೂ ಮನೆಯಾಕೆಗೂ ಮಾತ್ರ. ಎರಡನೆಯವರು ಬಾಯಿ ಬಿಡಬಾರದು. ಮುಖ್ಯ ಅತಿಥಿ ಇಲ್ಲದಿದ್ರೆ ನುಯಿ ಗೇಟಿನಿಂದಲೇ ವಾಪಸ್ಸು ಹೋಗ್ತಾಳೆ. ನೀನು ಈ ಊರಿನವನಲ್ಲ, ಯಾರ ಕಡೆಯವನೂ ಅಲ್ಲ. ಅದೇ ನಿನ್ನ ಯೋಗ್ಯತೆ. ಏನು ಕೇಳಬೇಕು ಅಂತ ನುಯಿ ಕಿವೀಲಿ ಹೇಳಿಕೊಡ್ತಾಳೆ.”

ಹೀಗೆ ಡಾಕ್ಟರ ರೇಷ್ಮೆ ಮೇಲಂಗಿ ತೊಟ್ಟು, ಅವರ ಬೀಸಣಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಸ ಬಿಳಿ ಕಾಲ್ಚೀಲ ಹಾಕಿಕೊಂಡು ನಾನು ಹೊರಟೆ. ಮೇಲಂಗಿ ನನ್ನ ಮಂಡಿಯವರೆಗೂ ಬರಲಿಲ್ಲ. ಹಾತ್ಸು ಅವರು ಬಾಗಿಲಲ್ಲಿ ನಿಂತು, “ನಿಂತ್ರೆ ತುಂಡು ಕಾಣುತ್ತೆ, ಕೂತ್ಬಿಟ್ರೆ ಸರಿಹೋಗುತ್ತೆ,” ಎಂದರು.

ತೋಟದ ಒಳಗಿನ ಕಾಯುವ ಹಲಗೆಯ ಮೇಲೆ ನುಯಿ ಆಗಲೇ ಬಂದು ಕೂತಿದ್ದರು. ಎತ್ತರದ, ಅಗಲ ಭುಜದ ಹೆಂಗಸು. ಎಷ್ಟು ಶುಭ್ರವಾಗಿ ಬಂದರೂ ಅವರ ಸುತ್ತ ಸೋಯಾದ ವಾಸನೆ ಇದ್ದೇ ಇರುತ್ತಿತ್ತು. ನಾನು ನಡೆದದ್ದನ್ನು ಹೇಳಿದೆ. ಅವರು ನನ್ನ ಮೇಲಂಗಿಯನ್ನು ಮೇಲಿನಿಂದ ಕೆಳಗೆ ನೋಡಿದರು.

“ಡಾಕ್ಟರ ಸೊಂಟ ಸರಿಯಾದ ಹೊತ್ತಿಗೇ ಹಿಡ್ಕೊಂಡಿದೆ. ಹೇಡಿ.”

“ನಿಜವಾಗ್ಲೂ ಹಿಡಿದಿದೆ ಅಮ್ಮಾ, ನಾನೇ ಪಟ್ಟಿ ಹಾಕಿದೆ.”

“ನಾನು ಬಂದಿರೋದು ಕೋಣೆ ನೋಡೋಕೆ. ಅವಳನ್ನ ನೋಡೋಕಲ್ಲ. ತಿಳೀತಾ?”

“ತಿಳೀತು.”

“ನಾನು ಹೇಳಿದ್ದನ್ನ ಹೇಳಿ, ಮಾಡಿದ್ದನ್ನ ಮಾಡಿ. ಕೆರೆಯೋಕೆ ಹೋಗ್ಬೇಡಿ, ಕೆಮ್ಮಬೇಡಿ, ಮದ್ದು ಮಾರಬೇಡಿ.”

ಆಗ ತೋಟದ ಬಿದಿರಿನ ತಡಿಕೆ ಬಾಗಿಲು ತೆರೆದು ರಿಯೊ ಅವರು ಹೊರಬಂದರು. ಬೂದು ಬಣ್ಣದ ಉಡುಪು. ಮನೆಯಾಕೆ ಇಲ್ಲಿ ಮಾತಾಡುವಂತಿಲ್ಲ, ಸುಮ್ಮನೆ ಬಗ್ಗಿ ಕರೆಯಬೇಕು. ಡಾಕ್ಟರಿರಬೇಕಾದ ಜಾಗದಲ್ಲಿ ನನ್ನನ್ನು ಕಂಡು ಅವರ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ನನ್ನ ಹಿಂದಿದ್ದವರನ್ನು ಕಂಡಾಗ ಹುಬ್ಬು ಅಲುಗಲಿಲ್ಲ. ಇಬ್ಬರಿಗೂ ಒಂದೇ ಅಳತೆಯಲ್ಲಿ ಬಗ್ಗಿ ಒಳಗೆ ಹೋದರು.

ತಗ್ಗಿನ ಕಲ್ಲುಬಾನಿಯಲ್ಲಿ ಕೈ, ಬಾಯಿ ತೊಳೆದೆವು. ನೀರು ಹಲ್ಲು ಕೊರೆಯುವಷ್ಟು ತಣ್ಣಗಿತ್ತು. ಕೋಣೆಯ ಬಾಗಿಲು ನಾಯಿ ತೂರುವಷ್ಟಿತ್ತು. ಮುಷ್ಟಿ ಊರಿ ಮಂಡಿಯ ಮೇಲೆ ಜಾರಿ ಒಳಗೆ ಹೋಗಬೇಕು. ದೊಡ್ಡ ಮೈಯ ನುಯಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಒಳಬಂದರು. ನನ್ನ ತಲೆ ಮೇಲಿನ ಚೌಕಟ್ಟಿಗೆ ಟಣ್ಣೆಂದು ತಾಗಿತು.

ಮೂರು ಚಾಪೆಯೂ ಪೂರ್ತಿ ಹಿಡಿಸದ ಕೋಣೆ. ಮಣ್ಣಿನ ಗೋಡೆ, ಕಾಗದದ ಕಿಟಕಿಯಿಂದ ಸೋಸಿ ಬರುವ ಬೆಳಕು. ಮೂಲೆಯಲ್ಲಿ ನೆಲಕ್ಕೆ ಕೊರೆದ ಒಲೆ, ಅದರೊಳಗೆ ಕೆಂಡ, ಮೇಲೊಂದು ಕಪ್ಪು ಕೆಟಲು. ಗೋಡೆಯ ಗೂಡಿನಲ್ಲಿ ಒಂದು ಬರಹದ ಸುರುಳಿ ತೂಗುತ್ತಿತ್ತು. ಅದರ ಮುಂದೆ ಬಗ್ಗಬೇಕೆಂದು ನುಯಿ ಕೈಸನ್ನೆ ಮಾಡಿದರು. ಬಗ್ಗಿದೆ. ಇರುವೆ ಹರಿದಂತಿದ್ದ ಆ ಅಕ್ಷರ ಓದಲು ಬರಲಿಲ್ಲ. ನನ್ನ ನಂತರ ನುಯಿ ಬಗ್ಗಿದರು. ಏಳಲೇ ಇಲ್ಲ.

“ಏನು ಬರೆದಿದೆ ಅಮ್ಮಾ?” ಎಂದು ಪಿಸುಗುಟ್ಟಿದೆ.

ಎಷ್ಟೋ ಹೊತ್ತಿನ ಮೇಲೆ ಅವರು ತಲೆ ಎತ್ತಿದರು. “ನಮ್ಮ ಗುರುಗಳ ಚೀಟಿ. ‘ನಾಳೆ ಮಳೆ ಬಂದರೂ ಪಾಠವಿದೆ. ಇಬ್ಬರೂ ಒಂದೇ ಕೊಡೆಯಲ್ಲಿ ಬನ್ನಿ, ಇಲ್ಲಿ ಕೊಡೆ ಇಡಲು ಜಾಗವಿಲ್ಲ.’ ಅಷ್ಟೆ.”

ನುಯಿ ಬರುವುದು ರಿಯೊ ಅವರಿಗೆ ಮೊದಲೇ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು. ಹಾತ್ಸು ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ರಿಯೊ ಒಳಬಂದು ಸ್ವಾಗತ ಹೇಳಿ, ಒಲೆಗೆ ಹೊಸ ಇದ್ದಿಲು ಜೋಡಿಸಿದರು. ಬಳಿಕ ಊಟ. ಅನ್ನ, ಕಾಳಿನ ಸಾರು, ಸುಟ್ಟ ಮೀನು, ಬೇಯಿಸಿದ ಕೆಂಪು ಗೆಣಸು. ಎಲ್ಲವೂ ಸ್ವಲ್ಪ ಸ್ವಲ್ಪ, ಎಲ್ಲವೂ ಬಿಸಿ. ಈ ನಡುವೆ ನುಯಿ ನನ್ನ ಕಿವಿಯಲ್ಲಿ ಹೇಳುತ್ತಲೇ ಇದ್ದರು. “ಊಟದ ಕಡ್ಡಿ ಹಿಡಿಯೋದು ಹಾಗಲ್ಲ.” “ಬಟ್ಟಲು ಮುಚ್ಚಿ.” “ಸಾರು ಸೊರ್‍ರ್ ಅನ್ನಿಸ್ಬೇಡಿ.” ಇಡೀ ಬದುಕು ಪೀಪಾಯಿಗಳ ನಡುವೆ ಕೂಗಾಡಿ ಬದುಕಿದ ಹೆಂಗಸು. ಅವರ ಪಿಸುಮಾತು ಬೀದಿಗೆ ಕೇಳಿಸುವಂಥದ್ದು. ಮೊಳದ ದೂರದಲ್ಲಿ ಕೂತಿದ್ದ ರಿಯೊ ಅವರಿಗೆ ಪ್ರತಿ ಅಕ್ಷರವೂ ಕೇಳುತ್ತಿತ್ತು. ಆದರೆ ಕೇಳದವರಂತೆ, ನಾನು ಅದನ್ನೇ ಮತ್ತೆ ಹೇಳುವವರೆಗೂ ಕಾದು ಕೂತಿರುತ್ತಿದ್ದರು.

“ಕೆಟಲಿನ ವಿಷಯ ಕೇಳಿ,” ಎಂದರು ನುಯಿ.

“ಕೆಟಲು... ತುಂಬಾ ಚೆನ್ನಾಗಿದೆ. ಎಲ್ಲಿಯದು?” ಎಂದೆ.

ರಿಯೊ ನನ್ನ ಕಡೆಗೇ ನೋಡುತ್ತಾ ಉತ್ತರಿಸಿದರು. “ಚೆನ್ನಾಗೇನಿಲ್ಲ. ಯುದ್ಧ ಮುಗಿದ ಮರುವರ್ಷ ಸಂತೆಯಲ್ಲಿ ಸಿಕ್ಕಿದ್ದು. ಸಿಪಾಯಿಗಳ ಮಿಕ್ಕುಳಿದ ಶಿರಸ್ತ್ರಾಣ ಕರಗಿಸಿ ಎರಕ ಹೊಯ್ದದ್ದಂತೆ.”

ನಾನೂ ಮೂರು ವರ್ಷ ಅಂಥದ್ದನ್ನು ತಲೆಯ ಮೇಲೆ ಹೊತ್ತವನು. ಬೇಸಿಗೆಯಲ್ಲಿ ಅದು ಕಾದು ನೆತ್ತಿ ಸುಡುತ್ತಿತ್ತು. ಕೆಲವೊಮ್ಮೆ ಅದರಲ್ಲೇ ಅನ್ನ ಬೇಯಿಸಿದ್ದೆವು. ಪಕ್ಕಕ್ಕೆ ನೋಡಿದೆ. ನುಯಿ ಕೆಟಲನ್ನೇ ನೋಡುತ್ತಿದ್ದರು. ಅವರ ಒಬ್ಬನೇ ಮಗ ಶಿನ್ಪೇ ಸಿಪಾಯಿಗಳ ಹಡಗಿನಲ್ಲಿ ದಕ್ಷಿಣ ಸಮುದ್ರದಲ್ಲಿ ಮುಳುಗಿದ್ದು ನನಗೆ ಅಪ್ಪನಿಂದ ತಿಳಿದಿತ್ತು. ಅವರ ಮನೆಯ ಡಬ್ಬ ತುಂಬುವಾಗ ದೇವರ ಗೂಡಿನಲ್ಲಿ ಅವನ ಚಿತ್ರ ನೋಡಿದ್ದೆ, ಅಗಲ ಕಿವಿಯ ಹುಡುಗ.

“ಸದ್ದು ಹೇಗೆ ಅಂತ ಕೇಳಿ,” ಎಂದರು ನುಯಿ. ಈ ಸಲ ನಿಜಕ್ಕೂ ಪಿಸುಮಾತು.

“ಅದರ ಸದ್ದು ಹೇಗೆ ಅಮ್ಮಾ?”

“ಮೊದಲೆರಡು ವರ್ಷ ಬರೀ ಕೊತಕೊತ ಅಂತಿತ್ತು. ಮೂರನೇ ಚಳಿಗಾಲದಲ್ಲಿ ಒಂದಿನ ಹಾಡೋಕೆ ಶುರು ಮಾಡ್ತು. ಕೇಳಿ.”

ಮೂವರೂ ಕೇಳಿದೆವು. ಬೆಟ್ಟದ ಆಚೆ ಮರಗಳ ಮೇಲೆ ಗಾಳಿ ಹೋದ ಹಾಗೆ ಇತ್ತು.

ಸಿಹಿ ತಿಂದ ಮೇಲೆ ಹೊರಗೆ ಹೋಗಿ ಹಲಗೆಯ ಮೇಲೆ ಕೂರುವ ಪದ್ಧತಿ. ನನ್ನ ಕಾಲುಗಳು ಮರದ ತುಂಡಿನಂತಾಗಿದ್ದವು. ನುಯಿ ಪಾಚಿ ನೋಡುತ್ತಾ ಕೂತರು. ಎದ್ದು ಹೋಗಿಬಿಡುತ್ತಾರೇನೋ ಎಂದು ನನಗೆ ದಿಗಿಲು. ಒಳಗಿನಿಂದ ಕಂಚಿನ ಜಾಗಟೆ ಐದು ಸಲ ಮೊಳಗಿತು. ಅವರು ನಿಟ್ಟುಸಿರಿಟ್ಟು ಎದ್ದರು, ಗೇಟಿನ ಕಡೆಗಲ್ಲ, ಕೋಣೆಯ ಕಿರುಬಾಗಿಲಿನ ಕಡೆಗೆ.

ಇನ್ನೀಗ ಗಟ್ಟಿ ಚಹಾ. ಇದು ಹೊತ್ತೂ ಹರಟೆಯೂ ನಿಲ್ಲುವ ಗಳಿಗೆ. ರಿಯೊ ಅವರ ಕೈಗಳು ಬಟ್ಟೆ ಮಡಚಿದ್ದು, ಬಿದಿರಿನ ಚಮಚ ಒರೆಸಿದ್ದು, ಪುಡಿ ಹಾಕಿದ್ದು, ಬಿಸಿನೀರು ತೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಚಲನೆಯೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಮ್ಮ ಅಜ್ಜಿ ಬತ್ತ ಕೇರುವಾಗ ಹಾಗೆ ಕಾಣುತ್ತಿದ್ದಳು. ಕಡೆದ ಚಹಾ ಗಂಜಿಯಷ್ಟು ಗಟ್ಟಿ. ಒಂದೇ ಬಟ್ಟಲು, ಮೊದಲನೆಯವನು ತನ್ನ ಪಾಲು ಕುಡಿದು, ತುಟಿ ತಾಗಿದ ಅಂಚನ್ನು ಒರೆಸಿ, ಮುಂದಿನವರಿಗೆ ಕೊಡಬೇಕು.

ಕುಡಿದೆ. ಮೊದಲು ಕಹಿ, ನಾಲಗೆ ಹಿಂದೆ ಸರಿಯುವಷ್ಟು. ಆಮೇಲೆ ಎಳೆಯ ಹುಲ್ಲು ಜಗಿದ ಹಾಗೆ ಒಂದು ಸಿಹಿ, ಗಂಟಲ ಕೆಳಗೆಲ್ಲೋ. ಮೂರು ಗುಟುಕು ಕುಡಿದು, ಒರೆಸಿ, ನುಯಿಗೆ ಕೊಟ್ಟೆ. ಅವರೂ ಮೂರು ಗುಟುಕು ಕುಡಿದು ನಿಲ್ಲಿಸಿದರು. ಬಟ್ಟಲೊಳಗೆ ನೋಡಿದರು. ಇನ್ನೂ ಚಹಾ ಇತ್ತು. ಮೂವರು ಬರುತ್ತಾರೆಂದು ಡಾಕ್ಟರು ಬರೆದಿದ್ದರಲ್ಲ, ರಿಯೊ ಬೆಳಿಗ್ಗೆಯೇ ಮೂವರಿಗಾಗುವಷ್ಟು ಪುಡಿ ಅಳೆದಿಟ್ಟಿದ್ದರು. ಹಾತ್ಸು ಅವರು ಗಂಡನ ಆರೈಕೆಗೆ ಮನೆಯಲ್ಲೇ ಉಳಿದಿದ್ದರಿಂದ ನಾವು ಬಂದದ್ದು ಇಬ್ಬರೇ.

ಎರಡನೆಯವರೇ ಕೊನೆಯವರಾದರೆ ಉಳಿದದ್ದನ್ನು ಕುಡಿದು ಮುಗಿಸಬೇಕಂತೆ. ನುಯಿ ಕುಡಿಯಲಿಲ್ಲ. ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತರು. ಕೆಟಲಿನ ಸದ್ದು ಮಾತ್ರ.

“ಕೇಳಿ,” ಎಂದರು ನನಗೆ. ತಲೆ ಬಗ್ಗಿತ್ತು. “ಶಿನ್ಪೇ ಸತ್ತ ಸುದ್ದಿ ಬಂದಾಗ ಯಾಕೆ ಬರ್ಲಿಲ್ಲ ಅಂತ ಕೇಳಿ.”

ಇದನ್ನು ಮರ್ಯಾದೆಯ ಮಾತಿನಲ್ಲಿ ಹೇಗೆ ಕಟ್ಟುವುದೆಂದು ಯೋಚಿಸಿದೆ. ಹೊಳೆಯಲಿಲ್ಲ. ಇದ್ದ ಹಾಗೇ ಹೇಳಿಬಿಟ್ಟೆ. “ಅಮ್ಮಾ, ಇವರ ಮಗ ಸತ್ತ ಸುದ್ದಿ ಬಂದಾಗ ನೀವು ಯಾಕೆ ಹೋಗ್ಲಿಲ್ಲ?”

ರಿಯೊ ಅವರ ಕೈ ಮಂಡಿಯ ಮೇಲಿತ್ತು. ಬೆರಳುಗಳು ಒಂದಿಷ್ಟು ಒಳಕ್ಕೆ ಮಡಚಿಕೊಂಡವು.

“ಹೋಗಿದ್ದೆ,” ಎಂದರು ನನಗೆ. “ಊದುಬತ್ತಿ ಹಿಡ್ಕೊಂಡು ಮೂರು ಸಲ ಅವಳ ಗೇಟಿನ ತನಕ ಹೋಗಿದ್ದೆ. ಮೂರನೇ ಸಲ ಒಳಗಿಂದ ಅವಳ ಧ್ವನಿ ಕೇಳಿಸ್ತು. ಬಂದವರಿಗೆಲ್ಲ ಗಟ್ಟಿಯಾಗಿ ಹೇಳ್ತಿದ್ದಳು, ‘ಅಳಬಾರದು, ಹೆಮ್ಮೆ ಪಡಬೇಕು’ ಅಂತ. ಅಳದವಳಿಗೆ ನಾನೇನು ಸಮಾಧಾನ ಹೇಳ್ಲಿ ಅಂತ ವಾಪಸ್ಸು ಬಂದೆ.”

“ಸಂಘದ ಮುಖ್ಯಸ್ಥೆ ಅತ್ರೆ, ಮಕ್ಕಳನ್ನ ಯುದ್ಧಕ್ಕೆ ಕಳಿಸಿದ್ದ ಆ ಕೇರಿಯ ಉಳಿದ ಹನ್ನೊಂದು ತಾಯಂದಿರು ಏನು ಮಾಡಬೇಕಿತ್ತು ಅಂತ ಕೇಳಿ!” ನುಯಿಯ ಧ್ವನಿ ಏರಿತು. “ರಾತ್ರಿ ಪೀಪಾಯಿ ಮನೇಲಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ ಅಂತ ಹೇಳಿ ಅವಳಿಗೆ!”

ನಾನು ಬಾಯಿ ತೆರೆದೆ. ರಿಯೊ ಕೈ ಎತ್ತಿ ನನ್ನನ್ನು ತಡೆದರು.

“ಅದು ನೆಪ, ಮದ್ದಿನಯ್ಯ. ನಿಜ ಬೇರೆ ಇದೆ.” ಅವರ ಧ್ವನಿ ತೀರಾ ಸಣ್ಣದಾಯಿತು. “ಸುದ್ದಿ ಬಂದ ದಿನ, ಎಲ್ಲಕ್ಕಿಂತ ಮೊದಲು ನನ್ನ ಮನಸ್ಸಿಗೆ ಬಂದ ಮಾತು, ‘ಈಗ ಅವಳಿಗೂ ಗೊತ್ತಾಗ್ಲಿ, ಕಳಕೊಳ್ಳೋದು ಅಂದ್ರೇನು’ ಅಂತ. ಒಂದು ಕೆಟಲಿಗೆ ಒಂದು ಮಗುವನ್ನ ತೂಗಿದೆ ನಾನು. ಶಿನ್ಪೇ ಈ ಚಾಪೆ ಮೇಲೆ ಅಂಬೆಗಾಲಿಟ್ಟವನು. ಅಂಥ ಮಾತು ಮನಸ್ಸಿಗೆ ಬಂದ ಮೇಲೆ ಯಾವ ಮುಖ ಹೊತ್ಕೊಂಡು ಆ ಮನೆ ಮೆಟ್ಟಿಲು ಹತ್ತಲಿ? ಕೆಟಲಿನ ಸಿಟ್ಟು ಎಂದೋ ಹೋಯ್ತು. ಉಳಿದದ್ದೆಲ್ಲ ಈ ನಾಚಿಕೆ.”

ಹೊರಗೆ ಯಾವುದೋ ಹಕ್ಕಿ ಒಣ ಎಲೆ ಕೆದಕುತ್ತಿತ್ತು. ನಾನು ಎದ್ದು ಓಡಿಹೋಗುತ್ತಿದ್ದೆ, ಕಾಲು ಇದ್ದಿದ್ದರೆ.

ಕೊನೆಗೆ ನುಯಿ ಮಾತಾಡಿದರು. ನನ್ನ ಕಿವಿಗಲ್ಲ.

“ಆ ಅಧಿಕಾರಿ ಪೀಪಾಯಿ ಕಡೆ ನೋಡಿರ್ಲೇ ಇಲ್ಲ ರಿಯೊ. ನಾನು ಸುಮ್ನಿದ್ದಿದ್ರೆ ಉಳೀತಿತ್ತು. ಶಿನ್ಪೇ ಆಗ ಹಡಗು ಹತ್ತಿ ಹದಿನೈದು ದಿನ. ಮನೆಯ ಬಾಣಲೆ, ಬೀಗ, ಸೊಳ್ಳೆಪರದೆ ಕಟ್ಟೋ ಕಬ್ಬಿಣದ ಬಳೆ ಎಲ್ಲಾ ಕೊಟ್ಟಿದ್ದೆ. ಸಾಲದು ಅನ್ನಿಸ್ತಿತ್ತು. ಆ ಕಬ್ಬಿಣ ನನ್ನ ಮಗನ ಹಡಗಿಗೆ ಒಂದು ಮೊಳೆ ಆದ್ರೂ ಆದೀತು ಅಂದ್ಕೊಂಡೆ. ಮೊಳೆಯಿಂದ ಹಡಗು ನಿಲ್ಲುತ್ತಾ? ಹುಚ್ಚಿ ನಾನು.”

“ಗೊತ್ತಿತ್ತು,” ಎಂದರು ರಿಯೊ.

“ಏನು ಗೊತ್ತಿತ್ತು?”

“ನೀನು ಪೀಪಾಯಿಯಿಂದ ಕೈ ತೆಗೆದಾಗ ನಿನ್ನ ಮುಖ ನೋಡಿದ್ದೆನಲ್ಲ. ಮಗನ ಹೆಸರು ಹೇಳ್ಕೊಂತಿದ್ದೆ.”

ನುಯಿ ಉಡುಪಿನ ಎದೆಯ ಮಡಿಕೆಯಿಂದ ಕಾಗದ ತೆಗೆದು ಬಟ್ಟಲ ಅಂಚನ್ನು ನಿಧಾನವಾಗಿ ಒರೆಸಿದರು. ಒರೆಸುವಾಗ ಒಂದೆರಡು ಹನಿ ಕಣ್ಣೀರು ಚಾಪೆಯ ಮೇಲೆ ಬಿತ್ತು. ಅದನ್ನೂ ಅದೇ ಕಾಗದದಲ್ಲಿ ಒರೆಸಿದರು. ಬಟ್ಟಲಿನ ಮುಂಭಾಗ ಆ ಕಡೆಗೆ ಬರುವಂತೆ ತಿರುಗಿಸಿ ರಿಯೊ ಅವರ ಮಂಡಿಯ ಮುಂದೆ ಇಟ್ಟರು.

“ತಣ್ಣಗಾಗ್ತಿದೆ. ಕುಡಿ.”

ರಿಯೊ ಬಟ್ಟಲು ಮುಟ್ಟಲಿಲ್ಲ. ಕೆಂಪಾದ ಕಣ್ಣುಗಳಲ್ಲೇ ಬಿಗಿಯಾಗಿ ಹೇಳಿದರು. “ಮುಖ್ಯ ಅತಿಥಿ ಹೇಳದೆ ಮನೆಯಾಕೆ ಕುಡಿಯೋ ಹಾಗಿಲ್ಲ. ಅಷ್ಟೂ ಮರೆತುಬಿಟ್ಯಾ?”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನಗೆ ಅಷ್ಟು ಹೊತ್ತಿಗೆ ಯಾವ ಪದ್ಧತಿಯೂ ನೆನಪಿರಲಿಲ್ಲ. ನಾನೂ ಅಳುತ್ತಿದ್ದೆನೆಂದು ಕಾಣುತ್ತದೆ.

“ಕುಡೀರಿ ಅಮ್ಮಾ,” ಎಂದೆ, ಜ್ವರದ ಮನೆಯಲ್ಲಿ ಹೇಳುವ ಧಾಟಿಯಲ್ಲೇ. “ಒಂದೇ ಸಲಕ್ಕೆ ಕುಡಿದುಬಿಡಿ, ಕಹಿ ಗೊತ್ತಾಗಲ್ಲ.”

ಮೊದಲು ನಕ್ಕದ್ದು ನುಯಿ. ಭುಜ ಕುಲುಕಿಸುತ್ತಾ, ಸದ್ದಿಲ್ಲದೆ. ಆಮೇಲೆ ರಿಯೊ ತೋಳಿನಲ್ಲಿ ಬಾಯಿ ಮುಚ್ಚಿಕೊಂಡರು. ನಗು ನಿಂತ ಮೇಲೆ ಬಟ್ಟಲು ಎತ್ತಿ, ಹಣೆಯ ಮಟ್ಟಕ್ಕೆ ಹಿಡಿದು ವಂದಿಸಿ, ಕೊನೆಯ ಹನಿಯವರೆಗೂ ಕುಡಿದರು.

ಹೊರಗೆ ಬರುವಾಗ ಜೋಮು ಹಿಡಿದ ಕಾಲು ಕೈಕೊಟ್ಟು, ಕಿರುಬಾಗಿಲಿನಿಂದ ನಾನು ತಲೆಕೆಳಗಾಗಿ ಪಾಚಿಯ ಮೇಲೆ ಬಿದ್ದೆ. ಡಾಕ್ಟರ ಮೇಲಂಗಿಯ ತೋಳು ಹರಿಯಿತು. ಒಳಗಿನಿಂದ ಇಬ್ಬರು ಮುದುಕಿಯರ ನಗು, ಈ ಸಲ ಗಟ್ಟಿಯಾಗಿಯೇ, ಹದಿನಾರರ ಹುಡುಗಿಯರದ್ದೇ ಎಂಬಂತೆ ಕೇಳಿಸಿತು. ನುಯಿ ನನ್ನ ಜೊತೆ ಹೊರಗೆ ಬರಲಿಲ್ಲ. ಇದ್ದಿಲು ಆರುವವರೆಗೂ ಅಲ್ಲೇ ಕೂತಿದ್ದರಂತೆ.

ಮೇಲಂಗಿ ಹರಿದದ್ದಕ್ಕೆ ಡಾಕ್ಟರು ಬೈಯಲಿಲ್ಲ. ನಡೆದದ್ದನ್ನೆಲ್ಲ ಮಲಗಿದಲ್ಲೇ ಕೇಳಿ, “ನಾನು ಹೋಗಿದ್ರೆ ಆ ಪ್ರಶ್ನೆಯನ್ನ ಚೆಂದ ಮಾಡಿ ಕೇಳ್ತಿದ್ದೆ. ಎಲ್ಲಾ ಕೆಟ್ಟುಹೋಗ್ತಿತ್ತು,” ಎಂದರು.

ಮರುವರ್ಷ ಹೋದಾಗ ತೋಟವಿರಲಿಲ್ಲ. ಜಲ್ಲಿ ಹಾಕಿದ ರಸ್ತೆಯ ಮೇಲೆ ಮರದ ದಿಮ್ಮಿಯ ಲಾರಿಗಳು ಓಡುತ್ತಿದ್ದವು. ರಿಯೊ ಅವರ ಪಾಠ ಈಗ ನುಯಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ಚಹಾದ ಘಮಕ್ಕೂ ಸೋಯಾದ ಘಾಟಿಗೂ ಅಲ್ಲಿ ದಿನವೂ ಜಗಳ, ಅವರಿಬ್ಬರಿಗೂ ಅಷ್ಟೇ. ಬಾಗಿಲಿಗೆ ಹೋಗುವ ಮೊದಲೇ ಕೇಳಿಸುತ್ತಿತ್ತು.

“ಇದ್ದಿಲು ಇಷ್ಟು ಯಾರಾದ್ರೂ ಸುರೀತಾರಾ? ಹೆಣ ಸುಡ್ತೀಯಾ?”

“ನಿನ್ನ ಕೈಗೆ ಕೊಟ್ರೆ ನೀರು ಬೆಚ್ಚಗಾಗೋಕೆ ವಸಂತ ಬರ್ಬೇಕು!”

ಆ ಮೇಲಿನ ಒಂಬತ್ತು ನವೆಂಬರುಗಳಲ್ಲೂ ನನ್ನನ್ನು ಕೂರಿಸಿ ಚಹಾ ಕೊಟ್ಟರು. ನಾನು ಕಲಿತದ್ದು ಅಷ್ಟಕ್ಕಷ್ಟೆ. ಪ್ರತಿ ವರ್ಷ ಮೊದಲಿನಿಂದ ಹೇಳಿಕೊಡಬೇಕಾಗುತ್ತಿತ್ತು. “ನಿಮ್ಮ ತಲೆಗೇನಾದ್ರೂ ಮದ್ದಿಲ್ವಾ ಆ ಪೆಟ್ಟಿಗೇಲಿ?” ಎನ್ನುತ್ತಿದ್ದರು ರಿಯೊ.

ಹತ್ತನೆಯ ವರ್ಷ ಹೋದಾಗ ನುಯಿ ಇರಲಿಲ್ಲ. ಫೆಬ್ರವರಿಯ ಹಿಮದಲ್ಲಿ, ನಾಲ್ಕೇ ದಿನದ ಜ್ವರದಲ್ಲಿ ಹೋದರಂತೆ. ಅವರ ಮನೆಯ ದೇವರ ಗೂಡಿನಲ್ಲಿ ಶಿನ್ಪೇಯ ಪಕ್ಕದಲ್ಲಿ ಅವರ ಚಿತ್ರ. ನಾನು ಊದುಬತ್ತಿ ಹಚ್ಚಿ ಕೈಮುಗಿದೆ. ಅಲ್ಲೇ ಇದ್ದ ರಿಯೊ ಅವರು ಚಹಾದ ಒಲೆ ಹಚ್ಚಿರಲಿಲ್ಲ. ಮಂಡಿ ಬಗ್ಗುವುದಿಲ್ಲ ಎಂದರು. ಅಡುಗೆಮನೆಯ ಹೊಸ್ತಿಲ ಮೇಲೆ ನನ್ನ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತು, ಹೂವಿನ ಚಿತ್ರದ ಫ್ಲಾಸ್ಕಿನಿಂದ ಹುರಿದ ಎಲೆಯ ಚಹಾ ಸುರಿದು ಕೊಟ್ಟರು. ಮೂಲಂಗಿ ಉಪ್ಪಿನಕಾಯಿ ಇಟ್ಟರು.

“ಅವಳು ಹಾಕಿದ್ದು,” ಎಂದರು. “ಉಪ್ಪು ಜಾಸ್ತಿ. ಇನ್ನೂ ಅರ್ಧ ಪೀಪಾಯಿ ಇದೆ. ನೀವೂ ಸ್ವಲ್ಪ ತಗೊಂಡು ಹೋಗಿ, ನನ್ನಿಂದ ಒಬ್ಬಳಿಂದ ಮುಗಿಯಲ್ಲ.”

ಬೇಡ ಎನ್ನಲಿಲ್ಲ. ಮದ್ದಿನ ಪೆಟ್ಟಿಗೆಯ ಕೆಳಗಿನ ಅಂತಸ್ತನ್ನು ಖಾಲಿ ಮಾಡಿ, ಬಿದಿರ ತೊಗಟೆಯಲ್ಲಿ ಸುತ್ತಿದ ಆ ಮೂಲಂಗಿ ಇಟ್ಟುಕೊಂಡೆ. ತೊಯಾಮಾ ತಲುಪಲು ಇನ್ನೂ ಹನ್ನೆರಡು ದಿನದ ದಾರಿ. ದಾರಿಯ ಛತ್ರಗಳಲ್ಲಿ ರಾತ್ರಿಯೂಟಕ್ಕೆ ಒಂದೊಂದೇ ತುಂಡು ಕಡಿಯುತ್ತಾ ಬಂದೆ. ಉಪ್ಪು ನಿಜಕ್ಕೂ ಜಾಸ್ತಿಯೇ ಇತ್ತು. ಮನೆ ತಲುಪಿದಾಗ ಹೆಂಡತಿಗೆ ಕೊಡಲು ಎರಡು ತುಂಡು ಉಳಿದಿದ್ದವು.